ಹದಿನೆಂಟು ಪೌಂಡ್ ಸೀಸ, ಒಂದು ಬಿಗಿ ಅಂಗಿ

ಅಮೆರಿಕದಿಂದ ವಾಪಸಾದ ಮೇಲೆ ನನ್ನ ಅಂಗಡಿಗೆ ಬ್ಲೌಸ್ ಹೊಲಿಸಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಏನೇನು ನೋಡಿದಿರಿ? ನಾನು ದೊಡ್ಡ ಪ್ರತಿಮೆಯನ್ನೂ ನೋಡಲಿಲ್ಲ, ಜಲಪಾತಕ್ಕೂ ಹೋಗಲಿಲ್ಲ. ನೋಡಿದ್ದೆಂದರೆ ನೀರು ತುಂಬಿದ ಒಂದು ಹಳೆಯ ಕಲ್ಲುಗಣಿಯ ತಳ ಮತ್ತು ನ್ಯೂಜೆರ್ಸಿಯ ಸಮುದ್ರದ ಇಪ್ಪತ್ತು ಅಡಿ ಕೆಳಗಿನ ಕೆಲವು ಬಂಡೆಗಳು. ಹಾಗೆಂದು ಹೇಳಿದರೆ ಅಳತೆ ಕೊಡಲು ಕೈ ಎತ್ತಿದವರು ಎತ್ತಿದ ಕೈಯನ್ನು ಇಳಿಸುವುದೇ ಮರೆತು ನನ್ನನ್ನು ನೋಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ಒಣಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಪ್ರಿನ್ಸ್‌ಟನ್

ನನ್ನ ತಮ್ಮ ರವಿ, ಅವನ ಹೆಂಡತಿ ವಿದ್ಯಾ, ಮಗಳು ನಿಧಿ ಇರುವುದು ಪ್ರಿನ್ಸ್‌ಟನ್ನಿನ ಹತ್ತಿರ. ಇಪ್ಪತ್ತಾರರ ನಿಧಿ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಮಗಳು ಸೇರಿ ಸ್ಕೂಬಾ ಡೈವಿಂಗ್ ಕಲಿಯಬೇಕೆಂದು ಹೆಸರು ಕೊಟ್ಟಿದ್ದರು. ನಾನು ಬಂದಿಳಿದ ವಾರವೇ ಡಾಕ್ಟರು ರವಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು, ಆಸ್ತಮಾ ಇರುವವರು ಈ ಆಟಕ್ಕೆ ಹೋಗುವುದು ಬೇಡ ಎಂದುಬಿಟ್ಟರು. ಅವನು ಮುಖ ಸಣ್ಣದು ಮಾಡಿಕೊಂಡು ಸೋಫಾದಲ್ಲಿ ಕೂತ. ನೀರಿನ ಕೆಳಗೆ ಇಬ್ಬಿಬ್ಬರೇ ಹೋಗಬೇಕು, ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರಬೇಕು. ಅಂಥ ಜೊತೆಗಾರನಿಗೆ ಅವರು ಬಡ್ಡಿ ಎನ್ನುತ್ತಾರೆ. ನಿಧಿಯ ಬಡ್ಡಿಯ ಜಾಗ ಖಾಲಿಯಾಯಿತು.

"ಅತ್ತೆ, ನಿಮಗೆ ಸ್ವಿಮ್ಮಿಂಗ್ ಬರುತ್ತಲ್ವಾ?" ಎಂದಳು ನಿಧಿ.

ಬರುತ್ತಿತ್ತು. ಮೊಣಕಾಲು ನೋವಿಗೆಂದು ನಲವತ್ನಾಲ್ಕನೇ ವಯಸ್ಸಿನಲ್ಲಿ ಹುಬ್ಬಳ್ಳಿಯ ಈಜುಕೊಳದಲ್ಲಿ ಕಲಿತು, ಈ ಏಳು ವರ್ಷ ಬಿಡದೆ ಈಜಿದ್ದೇನೆ.

"ಈಸಾಕ ಬರ್ತದ. ಮುಳಗಾಕ ಬರಂಗಿಲ್ಲ," ಎಂದೆ.

"ಮುಳುಗೋದು ಈಸಿ ಪಾರ್ಟ್, ಅತ್ತೆ."

ಅದೇ ಎಲ್ಲಕ್ಕಿಂತ ಕಷ್ಟದ ಭಾಗ ಎಂಬುದು ಅವಳಿಗೂ ಆಗ ಗೊತ್ತಿರಲಿಲ್ಲ.

ಪಿಜ್ಜಾ ಅಂಗಡಿಯ ಪಕ್ಕ

ಡೈವಿಂಗ್ ಸಾಮಾನಿನ ಅಂಗಡಿ ಹೆದ್ದಾರಿಯ ಮಗ್ಗುಲಲ್ಲಿ, ಒಂದು ಪಿಜ್ಜಾ ಅಂಗಡಿಗೂ ಉಗುರು ಬಣ್ಣ ಹಚ್ಚುವ ಪಾರ್ಲರಿಗೂ ನಡುವೆ ಇತ್ತು. ನಮ್ಮ ಗುರು ಡೋರೀನ್ ಅಲ್ಲಿದ್ದಳು. ಅರವತ್ತೆಂಟು ವರ್ಷದ ಗಟ್ಟಿಮುಟ್ಟಾದ ಹೆಂಗಸು; ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಆ ಬಸ್ಸಿನ ಕೊನೆಯ ಸೀಟಿನವರೆಗೆ ಮುಟ್ಟುತ್ತಿದ್ದ ಧ್ವನಿ ಇನ್ನೂ ಹಾಗೇ ಇತ್ತು. ಎಲ್ಲರನ್ನೂ ಆಕೆ 'ಹನಿ' ಎಂದು ಕರೆಯುತ್ತಿದ್ದಳು. ಜೇನು ಎಂದು ಅದರರ್ಥ ಎಂದು ಗೊತ್ತಿದ್ದರೂ ನನ್ನ ಕಿವಿಗೆ ಅದು ನೀರಿನ ಹನಿಯಾಗಿಯೇ ಕೇಳುತ್ತಿತ್ತು. ನೀರಿಗೆ ಹೊರಟವಳಿಗೆ ಒಳ್ಳೆಯ ಹೆಸರೇ ಎಂದುಕೊಂಡೆ.

ಇಲ್ಲಿನ ನೀರು ಬೇಸಿಗೆಯಲ್ಲೂ ತಣ್ಣಗೆ. ಅದಕ್ಕೆ ಕುತ್ತಿಗೆಯಿಂದ ಕಣಕಾಲವರೆಗೆ ಒಂದೇ ತುಂಡಿನ, ಏಳು ಮಿಲಿಮೀಟರ್ ದಪ್ಪದ ರಬ್ಬರಿನಂಥ ಅಂಗಿ, ಅಂದರೆ ವೆಟ್‌ಸೂಟ್, ತಲೆಗೆ ಟೋಪಿ, ಕೈಗವಸು, ಬೂಟು ಎಲ್ಲ ಬೇಕು. ನನ್ನ ಎತ್ತರ, ತೂಕ ಕೇಳಿ, ಗೋಡೆಯ ಮೇಲಿನ ಪಟ್ಟಿ ನೋಡಿ ಡೋರೀನ್ ಒಂದು ಅಂಗಿ ಕೊಟ್ಟಳು. ಟೇಪು ಹಿಡಿಯಲೇ ಇಲ್ಲ. ಇಪ್ಪತ್ತೊಂಬತ್ತು ವರ್ಷ ಕೊರಳಲ್ಲಿ ಟೇಪು ಹಾಕಿಕೊಂಡು ಬದುಕಿದ ನನಗೆ ಇದು ತೀರಾ ಅನ್ಯಾಯ ಅನ್ನಿಸಿತು.

ಟ್ರಯಲ್ ರೂಮಿನಲ್ಲಿ ಆ ಅಂಗಿಯೊಂದಿಗೆ ಅರ್ಧ ಗಂಟೆ ಗುದ್ದಾಡಿದೆ. ಮೊಣಕಾಲಿನವರೆಗೆ ಬಂದು ನಿಂತಿತು. ಎಳೆದರೆ ನಾನು ಮೇಲೆ ಹೋಗುತ್ತಿದ್ದೆ, ಅಂಗಿ ಅಲ್ಲೇ ಇರುತ್ತಿತ್ತು. ಹೇಗೋ ಹೆಗಲವರೆಗೆ ಏರಿಸಿ ಕನ್ನಡಿ ನೋಡಿದರೆ, ಉಸಿರೂ ಒಳಗೆ ಹೋಗುತ್ತಿಲ್ಲ, ಮಾನವೂ ಉಳಿಯುತ್ತಿಲ್ಲ. ಉಬ್ಬು ತಗ್ಗು ಎಲ್ಲ ಊರಿಗೇ ಡಂಗುರ. ಬಿಚ್ಚಿ ಹಾಕಿ, ಒಂದು ಸೈಜು ದೊಡ್ಡದು ಕೇಳಿದೆ. ಅದು ಸಲೀಸಾಗಿ ಬಂತು. ಬೆನ್ನಿನ ಕೆಳಗೆ, ಸೊಂಟದ ಕಮಾನಿನಲ್ಲಿ ಮಾತ್ರ ಒಂದು ಮುಷ್ಟಿ ಹಿಡಿಸುವಷ್ಟು ಜಾಗ ಉಳಿಯಿತು.

ಡೋರೀನ್ ಆ ಜಾಗವನ್ನು ಚಿವುಟಿ ಹಿಡಿದಳು. "ನೋಡು ಹನಿ, ಈ ಅಂಗಿ ನೀರನ್ನು ತಡೆಯುವುದಿಲ್ಲ. ಒಳಗೆ ಬಂದ ಚೂರು ನೀರನ್ನು ಹಿಡಿದಿಡುತ್ತದೆ. ನಿನ್ನ ಮೈ ಅದನ್ನು ಬೆಚ್ಚಗೆ ಮಾಡುತ್ತದೆ. ಇಲ್ಲಿ ಸಡಿಲ ಇದ್ದರೆ ಬೆಚ್ಚಗಾದ ನೀರು ಹೋಗಿ, ತಣ್ಣೀರು ಬರುತ್ತಲೇ ಇರುತ್ತದೆ. ಆರಾಮ ಇದೆಯಾ?"

"ಆರಾಮ ಇದೆ," ಎಂದೆ.

"ಆರಾಮ ಇರಬಾರದು," ಎಂದಳು.

ದರ್ಜಿಯಾಗಿ ನನಗೆ ಅವಳ ಮಾತು ಪೂರ್ತಿ ಅರ್ಥವಾಯಿತು. ಹೆಂಗಸಾಗಿ ಒಪ್ಪಲು ಮನಸ್ಸಾಗಲಿಲ್ಲ. ಇದೇ ಇರಲಿ ಎಂದೆ. ಆ ಸಡಿಲವನ್ನು ನೋಡಿ ನಿಧಿ ನಕ್ಕಳು. "ಅತ್ತೆ, ನೀವು ಇಂಡಿಯಾದಿಂದ ಕಳಿಸೋ ಬ್ಲೌಸಸ್ ಎಲ್ಲಾ ನನಗೆ ಎಕ್ಸಾಕ್ಟ್ಲಿ ಹೀಗೇ ಇರುತ್ತೆ." ವಾಟ್ಸಾಪಿನಲ್ಲಿ ಬಂದ ಅಳತೆಗೆ ಹೊಲಿದರೆ ಮತ್ತೆ ಹೇಗಿರುತ್ತದೆ ಎಂದು ನಾನು ವಾದಿಸಲಿಲ್ಲ.

ಶಾಲೆಯ ಈಜುಕೊಳ

ಮೊದಲ ಪಾಠಗಳು ಒಂದು ಹೈಸ್ಕೂಲಿನ ಬೆಚ್ಚಗಿನ ಕೊಳದಲ್ಲಿ, ತೆಳುವಾದ ಅಂಗಿಯಲ್ಲಿ. ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್, ಮೈಗೆ ಗಾಳಿ ತುಂಬಿ ಬಿಡಬಹುದಾದ ಜಾಕೆಟ್ಟು, ಸೊಂಟಕ್ಕೆ ಆರು ಪೌಂಡ್ ಸೀಸ ಕಟ್ಟಿದರು. ಹುಬ್ಬಳ್ಳಿಯಲ್ಲಿ ಮುಳುಗಬಾರದೆಂದು ಕಲಿತ ವಿದ್ಯೆಯನ್ನು ಇಲ್ಲಿ ಬಿಡಬೇಕಾಗಿತ್ತು.

ತೂಕ ಸರಿಯಿದೆಯೇ ಎಂದು ನೋಡುವ ಪರೀಕ್ಷೆ ಸರಳವಾಗಿದೆ. ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರು ಹಿಡಿದು, ಕೈಕಾಲು ಆಡಿಸದೆ ನಿಲ್ಲಬೇಕು. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ಮೆಲ್ಲಗೆ ಇಳಿಯಬೇಕು. ನಾನು ಇಳಿಯಲಿಲ್ಲ. ಬಾವಿಗೆ ಬಿದ್ದ ತೆಂಗಿನಕಾಯಿಯ ಹಾಗೆ ತಲೆ ತೋರಿಸುತ್ತಲೇ ಇದ್ದೆ.

"ಇನ್ನೊಂದಿಷ್ಟು ಸೀಸ ಕೊಡಿ," ಎಂದೆ.

ಡೋರೀನ್ ಕೊಡಲಿಲ್ಲ. ನನ್ನ ಪಕ್ಕೆಯ ಮೇಲೆ ಕೈ ಇಟ್ಟಳು. "ನೀನು ಉಸಿರು ಬಿಡುತ್ತಲೇ ಇಲ್ಲ, ಹನಿ. ಅರ್ಧ ಬಿಟ್ಟು ಮತ್ತೆ ಎಳೆದುಕೊಳ್ಳುತ್ತೀಯ. ಕಾಲೂ ಒದೆಯುತ್ತಿದ್ದೀಯ. ನಿನ್ನ ಹೆದರಿಕೆಗೇ ನಾಲ್ಕು ಪೌಂಡ್ ತೇಲುವ ಶಕ್ತಿ ಇದೆ. ಅದಕ್ಕೆ ಸೀಸ ಕಟ್ಟಿದರೆ, ಹೆದರಿಕೆ ಹೋದಾಗ ಏನು ಮಾಡುತ್ತೀಯ?"

ಅವಳ ಕೈ ಹಾಗೇ ಇತ್ತು. ಪೂರ್ತಿ ಉಸಿರು ಬಿಟ್ಟೆ. ಕಿವಿಯವರೆಗೆ ನೀರು ಬಂತು, ಆಮೇಲೆ ಮುಚ್ಚಿತು, ಮತ್ತೆ ನಾನು ಕೊಳದ ನೀಲಿ ಟೈಲ್ಸಿನ ಮೇಲೆ ಮಂಡಿಯೂರಿ ಕೂತಿದ್ದೆ. ನಿಧಿ ಎದುರಿಗೆ ಕೂತು ಎರಡೂ ಕೈಯಲ್ಲಿ ಸರಿ ಎಂಬ ಸನ್ನೆ ಮಾಡಿದಳು. ಅಲ್ಲಿ ಯಾರೂ ಮಾತಾಡುವಂತಿಲ್ಲ. ನಮ್ಮ ಮನೆತನದ ಹೆಂಗಸರಿಬ್ಬರು ಇಷ್ಟು ಹೊತ್ತು ಬಾಯಿ ಮುಚ್ಚಿ ಎದುರುಬದುರು ಕೂತದ್ದು ಅದೇ ಮೊದಲಿರಬೇಕು.

ಕಲ್ಲುಗಣಿ

ಎರಡು ವಾರದ ಮೇಲೆ ಹೊರಗಿನ ನೀರು. ರಾಜ್ಯದ ಉತ್ತರಕ್ಕೆ, ಕಲ್ಲು ತೆಗೆದು ಬಿಟ್ಟ ದೊಡ್ಡ ಗುಂಡಿಯಲ್ಲಿ ನೀರು ತುಂಬಿತ್ತು. ಇಪ್ಪತ್ತು ಅಡಿ ಆಳದಲ್ಲಿ ಕಲಿಯುವವರಿಗೆಂದು ಕಬ್ಬಿಣದ ಒಂದು ಅಟ್ಟಣಿಗೆ, ಅದಕ್ಕೆ ಮೇಲಿನಿಂದ ಒಂದು ಹಗ್ಗ. ಹಗ್ಗ ಹಿಡಿದು ಇಳಿಯಬೇಕು, ಅಟ್ಟಣಿಗೆಯ ಮೇಲೆ ನಿಲ್ಲಬೇಕು. ಅಷ್ಟೇ.

ದಪ್ಪ ಅಂಗಿಯಲ್ಲಿ ಕೋಟ್ಯಂತರ ಗಾಳಿಗುಳ್ಳೆಗಳಿರುತ್ತವೆ. ಅದರಿಂದಲೇ ಬೆಚ್ಚಗೆ, ಅದರಿಂದಲೇ ತೇಲುವುದು. ಹನ್ನೆರಡು ಪೌಂಡ್ ಕಟ್ಟಿ ನೋಡಿದರು, ನಾನು ತೇಲಿದೆ. ಹದಿನಾಲ್ಕು, ತೇಲಿದೆ. ಹದಿನಾರಕ್ಕೂ ಗಲ್ಲ ನೀರಿನ ಮೇಲೇ. ಡೋರೀನಿಗೆ ಅವಸರವಿಲ್ಲ, ಎರಡೆರಡೇ ಪೌಂಡ್ ಏರಿಸುತ್ತಾಳೆ. ನಮ್ಮ ತಂಡದ ಉಳಿದ ನಾಲ್ವರು ಸೀಸ ಕಟ್ಟಿ, ಬಿಸಿಲಲ್ಲಿ ಬೇಯುತ್ತ, ದಡದಲ್ಲಿ ನನ್ನನ್ನೇ ಕಾಯುತ್ತಿದ್ದರು. ಒಬ್ಬ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡು ತಿನ್ನುತ್ತ ನೋಡುತ್ತಿದ್ದ. ಮದುವೆ ಮನೆಯಲ್ಲಿ ಒಬ್ಬಳ ಸೀರೆ ನೆರಿಗೆಗಾಗಿ ಇಡೀ ದಿಬ್ಬಣ ನಿಂತ ಹಾಗಾಗಿತ್ತು.

ಇನ್ನೆರಡು ಪೌಂಡ್ ಕೊಟ್ಟು ಡೋರೀನ್ ಬೇರೊಬ್ಬರ ಪಟ್ಟಿ ಸರಿಮಾಡಲು ತಿರುಗಿದಳು. ಆಗ ನಾನು ಆ ಕೆಲಸ ಮಾಡಿದೆ. ದಡದ ಪೆಟ್ಟಿಗೆಯಿಂದ ಮೂರು ಪೌಂಡಿನ ಎರಡು ತುಂಡು ಎತ್ತಿ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಯಾರೂ ನೋಡಲಿಲ್ಲ. ನಿಧಿಗೂ ಹೇಳಲಿಲ್ಲ.

ಈ ಸಲ ಇಳಿದೆ. ಹತ್ತು ಅಡಿಯವರೆಗೆ ಸುಖ. ಹಸಿರು ಬೆಳಕು, ಪಕ್ಕದಲ್ಲಿ ನಿಧಿಯ ಕಾಲಿಗೆ ಸಿಕ್ಕಿಸಿದ ಹಳದಿ ರಬ್ಬರ್ ರೆಕ್ಕೆ. ಆಮೇಲೆ ಹಗ್ಗ ನನ್ನ ಕೈಯೊಳಗೆ ಜಾರತೊಡಗಿತು. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ಅಂಗಿಯ ಗುಳ್ಳೆಗಳು ಅಮುಕಿ ಅಂಗಿ ತೆಳ್ಳಗಾಗುತ್ತದೆ, ತೇಲಿಸುವುದನ್ನು ಬಿಡುತ್ತದೆ ಎಂದು ಪಾಠದಲ್ಲಿ ಹೇಳಿದ್ದರು. ಪಾಠ ನೆನಪಾಗುವಷ್ಟರಲ್ಲಿ ಕೈಯಿಂದ ಹಗ್ಗ ಹೋಗಿತ್ತು, ಅಟ್ಟಣಿಗೆಯ ಅಂಚು ನನ್ನ ಮುಖದ ಮುಂದೆ ಮೇಲಕ್ಕೆ ಹೋಯಿತು. ಅಂದರೆ ನಾನು ಕೆಳಗೆ ಹೋಗುತ್ತಿದ್ದೆ.

ಇಪ್ಪತ್ತೈದು ಅಡಿಯ ಹತ್ತಿರ ಒಂದು ಗೆರೆ ಎಳೆದ ಹಾಗೆ ಬೆಚ್ಚಗಿನ ನೀರು ಮುಗಿದು ತಣ್ಣೀರು ಶುರುವಾಗುತ್ತದೆ. ಆ ನೀರು ಸೊಂಟದ ಸಡಿಲಿನಿಂದ ಒಳನುಗ್ಗಿ ಬೆನ್ನುದ್ದಕ್ಕೂ ಏರಿತು. ಫ್ರಿಜ್ಜಿನ ನೀರನ್ನು ಯಾರೋ ಕೊಡದಿಂದ ಸುರಿದಂತಾಯಿತು. ಎದೆ ಹಿಡಿದುಕೊಂಡಿತು. ಉಸಿರು ಚಿಕ್ಕ ಚಿಕ್ಕ ತುಂಡಾಗಿ ಬರತೊಡಗಿತು. ಕಿವಿಯಲ್ಲಿ ಸೂಜಿ. ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿ ಒಂದಿದೆ, ಬಿಡುವ ಗುಂಡಿ ಒಂದಿದೆ. ಯಾವುದು ಯಾವುದೆಂದು ಕೈಗೆ ಮರೆತುಹೋಗಿತ್ತು. ಕಾಲು ಕೆಸರಿಗೆ ತಾಗಿತು. ಕಂದು ಧೂಳೆದ್ದು ನನ್ನ ಕೈಯೇ ನನಗೆ ಕಾಣದಂತಾಯಿತು.

ಎಷ್ಟು ಹೊತ್ತು ಹಾಗಿದ್ದೆನೋ. ಆಮೇಲೆ ಕೇಳಿದರೆ ನಿಮಿಷವೂ ಇಲ್ಲವಂತೆ. ಧೂಳಿನಿಂದ ಒಂದು ಕೈ ಬಂದು ನನ್ನ ಹೆಗಲ ಪಟ್ಟಿ ಹಿಡಿಯಿತು. ಇನ್ನೊಂದು ಕೈ ಎದೆ ತಡಕಿ ಗುಂಡಿ ಹುಡುಕಿ ಎರಡು ಸಲ ಒತ್ತಿತು. ಜಾಕೆಟ್ಟಿಗೆ ಗಾಳಿ ತುಂಬಿ ನಾನು ಕೆಸರಿನಿಂದ ಎದ್ದೆ. ನಿಧಿಯ ಮುಖ ಕಾಣಿಸಿತು. ಅವಳು ತನ್ನ ಬಾಯಿಯ ಮುಂದೆ ಕೈ ಹಿಡಿದು ನಿಧಾನವಾಗಿ ಹೊರಗೆ ತಂದಳು: ಉಸಿರು ಬಿಡಿ. ಬಿಟ್ಟೆ. ಮತ್ತೆ ಬಿಟ್ಟೆ. ಬೆನ್ನ ಹಿಂದೆ ಡೋರೀನ್ ಬಂದಿದ್ದಳು. ಮೂವರೂ ಮೆಲ್ಲಗೆ ಮೇಲೆ ಬಂದೆವು.

ಆಗಸ್ಟ್ ತಿಂಗಳ ಮಧ್ಯಾಹ್ನ ಡೋರೀನ್ ತನ್ನ ವ್ಯಾನಿನ ಹೀಟರ್ ಹಾಕಿ ನನ್ನನ್ನು ಕೂರಿಸಿದಳು. ಹಲ್ಲು ಕಟಕಟ ಎನ್ನುತ್ತಿತ್ತು.

"ಎಷ್ಟು ಸೇರಿಸಿದೆ?" ಎಂದು ಕೇಳಿದಳು.

ಜೇಬಿನಿಂದ ತೆಗೆದು ಕೊಟ್ಟೆ. ಅವಳು ಬೈಯಲಿಲ್ಲ. ಎರಡೂ ತುಂಡನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಉಳಿದವರ ಹತ್ತಿರ ಹೋದಳು. ಬೈದದ್ದು ನಿಧಿ.

"ಯಾಕೆ ಹೇಳಲಿಲ್ಲ ನನಗೆ?"

"ಎಲ್ಲಾರೂ ಕಾಯಾಕತ್ತಿದ್ರವ್ವಾ. ನಾಚಿಕಿ ಆತು."

"ನಾಚಿಕೆ ಮೀನ್ಸ್ ಎಂಬರಸ್ಡ್?"

"ಹೂಂ."

ಅವಳು ಟವೆಲಿನಿಂದ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. "ಕೆಳಗೆ ನೋಡಿದೆ, ಓನ್ಲಿ ಬಬಲ್ಸ್. ಐ ಕುಡಂಟ್ ಸೀ ಯು, ಅತ್ತೆ. ನೀವು ಎಂಬರಸ್ಡ್ ಆಗಿದ್ರಿ ಅಂತ ನಾನು ಡ್ಯಾಡಿಗೆ ಹೇಳಬೇಕಿತ್ತಾ?"

ಇಪ್ಪತ್ತಾರು ವರ್ಷದ ಹುಡುಗಿ ನನ್ನನ್ನು ಹುಡುಕಿಕೊಂಡು ಆ ಕೆಸರಿನೊಳಗೆ ಬಂದಿದ್ದಳು. ಅವಳಿಗೂ ಅದು ಮೊದಲನೆಯ ದಿನವೇ.

"ತಪ್ಪಾತು," ಎಂದೆ. ಅವಳು ತಲೆ ಆಡಿಸಿದಳು. ನೆನೆದ ಸಾಮಾನನ್ನೆಲ್ಲ ಒಬ್ಬಳೇ ಹೊತ್ತು ಕಾರಿಗೆ ಹಾಕಿದಳು.

ರಾಬಿನ್ಸ್‌ವಿಲ್

ಮರುದಿನ ವಿದ್ಯಾ ನನ್ನನ್ನು ರಾಬಿನ್ಸ್‌ವಿಲ್ಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಲಾರಿಗಳು ಸಾಲುಗಟ್ಟಿದ ಗೋದಾಮುಗಳನ್ನು ದಾಟಿದರೆ, ಇದ್ದಕ್ಕಿದ್ದಂತೆ ಅಮೃತಶಿಲೆಯ ಶಿಖರಗಳು. ನಿಧಿ ಬರಲಿಲ್ಲ. ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

"ಅಕ್ಕ, ಅವಳು ನಿಮ್ಮ ಮೇಲೆ ಕೋಪ ಮಾಡ್ಕೊಂಡಿಲ್ಲ," ಎಂದಳು ಮೈಸೂರಿನ ವಿದ್ಯಾ, "ರಾತ್ರಿಯೆಲ್ಲಾ ಹೆದರ್ಕೊಂಡು ನನ್ನ ಪಕ್ಕ ಬಂದು ಮಲಗಿದ್ಲು."

ಅಲ್ಲಿ ವಿದ್ಯಾಳ ಸ್ನೇಹಿತೆ ಕಮಲಾ ಆಂಟಿ ಸಿಕ್ಕರು. ವಿಜಯಪುರದವರು. ನನ್ನ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಖಿಚಡಿಯ ತಟ್ಟೆ ಹಿಡಿದು ನನ್ನ ಎದುರು ಕೂತರು.

"ನೀರಾಗ ಇಳಿಯಾಕ ಸ್ವೆಟರ್ ಹಾಕ್ಕೋತಾರಂತಲ್ರೀ. ತೊಯ್ಯೂದಿಲ್ಲೇನು?"

"ತೊಯ್ತದರಿ. ಒಳಗ ಬಂದ ನೀರು ಅಲ್ಲೇ ನಿಂದರಬೇಕು, ಓಡ್ಯಾಡಬಾರದು. ಅದಕ್ಕ ಮೈಗೆ ಬಿಗಿ ಇರಬೇಕು," ಎಂದು ವಿವರಿಸಿದೆ.

"ಹಂಗೇನು. ಮತ್ತ ನಿಮ್ಮದು ಬಿಗಿ ಇತ್ತಿಲ್ಲೋ?"

ನನ್ನ ತಟ್ಟೆ ಕೆಳಗಿಟ್ಟೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಗಿರಾಕಿಗೂ ತಪ್ಪು ಅಳತೆಯ ಬಟ್ಟೆ ಹಾಕಿಸಿ ಕಳಿಸಿದವಳಲ್ಲ ನಾನು. ನನಗೆ ನಾನೇ ಹಾಕಿಸಿ ಕಳಿಸಿದ್ದೆ. ಪಾರ್ಕಿಂಗಿಗೆ ಬಂದು ಡೋರೀನಿಗೆ ಫೋನ್ ಮಾಡಿದೆ. ಮೊದಲು ಕೊಟ್ಟ ಚಿಕ್ಕ ಅಂಗಿ ಇನ್ನೂ ಇದೆಯೇ ಎಂದು ಕೇಳಿದೆ. ತೆಗೆದೇ ಇಟ್ಟಿದ್ದೇನೆ, ಹನಿ, ಎಂದಳು.

ಮತ್ತೆ ಕಲ್ಲುಗಣಿ

ಬಿಗಿ ಅಂಗಿ ಹಾಕಿಕೊಳ್ಳುವ ಗುಟ್ಟನ್ನು ಡೋರೀನ್ ಅಂದು ಹೇಳಿಕೊಟ್ಟಳು. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡರೆ ಕಾಲು ಬೆಣ್ಣೆಯಂತೆ ಜಾರುತ್ತದೆ. ಆದರೆ ಈ ರಾಜ್ಯದಲ್ಲಿ ಅಂಗಡಿಗಳು ಅಂಥ ಚೀಲ ಕೊಡುವುದನ್ನು ನಿಲ್ಲಿಸಿ ಕೆಲವು ವರ್ಷಗಳಾಗಿವೆ. ಆಕೆ ತನ್ನ ಹಳೆಯ ಚೀಲಗಳನ್ನು ಮಡಿಚಿ, ಡಬ್ಬಿಯಲ್ಲಿಟ್ಟು, ರೇಷ್ಮೆ ಸೀರೆ ತೆಗೆಯುವ ಹಾಗೆ ತೆಗೆದಳು. ಹರಿಯಬೇಡ ಎಂದು ಎರಡು ಸಲ ಹೇಳಿದಳು. ಚೀಲದ ಮೇಲೆ ಚೀಲ ಕೂಡಿಡುವ ಹುಚ್ಚು ನಮ್ಮ ಅಡುಗೆಮನೆಗಳಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ.

ನಿಧಿ ಹಿಂದಿನಿಂದ ಜಿಪ್ ಎಳೆದಳು. ಸೊಂಟದಲ್ಲಿ ಎರಡು ಬೆರಳು ಹಾಕಲು ನೋಡಿದಳು, ಹೋಗಲಿಲ್ಲ.

"ಗುಡ್. ಆರಾಮ ಇದೆಯಾ?"

"ಇಲ್ಲ."

"ಪರ್ಫೆಕ್ಟ್."

ನೀರಿನಲ್ಲಿ ನಿಂತೆ. ಹದಿನಾರು ಪೌಂಡ್. ಗಲ್ಲ ಮೇಲೆ. ಎಲ್ಲರೂ ಕಾಯುತ್ತಿದ್ದರು. ಕಾಯಲಿ ಎಂದುಕೊಂಡೆ. ಟೋಪಿಯೊಳಗೆ ಸಿಕ್ಕಿದ್ದ ಗಾಳಿಯನ್ನು ಡೋರೀನ್ ಬೆರಳಿನಿಂದ ಬಿಡಿಸಿದಳು. ಇನ್ನೆರಡು ಪೌಂಡ್ ಏರಿಸಿದಳು. ಹದಿನೆಂಟು. ಉಸಿರು ಹಿಡಿದೆ, ನೀರು ಕಣ್ಣಿನ ನಡುವೆ ಗೆರೆಯಾಗಿ ನಿಂತಿತು. ಬಿಟ್ಟೆ, ಇಳಿದೆ. ಅಟ್ಟಣಿಗೆಗೆ ಇನ್ನೂ ಮೂರು ಅಡಿ ಇರುವಾಗ ಜಾಕೆಟ್ಟಿಗೆ ಒಂದು ಗುಕ್ಕು ಗಾಳಿ ಹಾಕಿದೆ. ನಿಂತೆ. ಅಂದರೆ ಯಾವುದರ ಮೇಲೂ ನಿಲ್ಲಲಿಲ್ಲ, ಸುಮ್ಮನೆ ನೀರಿನ ನಡುವೆ ಇದ್ದೆ. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಆಮೇಲೆ ಆ ತಣ್ಣೀರಿನ ಗೆರೆಯನ್ನೂ ದಾಟಿದೆವು. ಮುಖ ಕೊರೆಯಿತು, ಬೆನ್ನು ಬೆಚ್ಚಗೇ ಇತ್ತು.

ಸಮುದ್ರದ ಬಾಯಿ

ವಾಪಸಾಗುವ ಮೂರು ದಿನ ಮುಂಚೆ, ಸೆಪ್ಟೆಂಬರಿನಲ್ಲಿ, ನಾವಿಬ್ಬರೂ ಡೋರೀನ್ ಜೊತೆ ಕಡಲಿಗೆ ಹೋದೆವು. ಹಿನ್ನೀರು ಸಮುದ್ರ ಸೇರುವ ಕಿರಿದಾದ ಬಾಯಿ ಅದು. ಎರಡೂ ಬದಿ ಬಂಡೆಯ ಕಟ್ಟೆ, ಕಟ್ಟೆಯ ಮೇಲೆ ಗಾಳ ಹಿಡಿದವರು. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಷ್ಟರಲ್ಲಿ ಹೋಗಿ ಬರಬೇಕು. ಉಪ್ಪುನೀರು ಹೆಚ್ಚು ತೇಲಿಸುತ್ತದೆಂದು ಮತ್ತೆ ಪರೀಕ್ಷೆ ಮಾಡಿ ನಾಲ್ಕು ಪೌಂಡ್ ಏರಿಸಿದಳು. ಈ ಸಲ ನಾನೇ ಎರಡೆರಡಾಗಿ ಕೇಳಿ ಪಡೆದೆ.

ಕೆಳಗೆ ಮಬ್ಬು ಹಸಿರು. ತಲೆಯ ಮೇಲೆ, ಇಲ್ಲಿ ಮುಳುಗಿದವರಿದ್ದಾರೆ ಎಂದು ದೋಣಿಗಳಿಗೆ ತಿಳಿಸಲು ನಿಧಿ ಎಳೆಯುತ್ತಿದ್ದ ಕೆಂಪು ಬಾವುಟದ ತೇಲುಬುಂಡೆ. ಬಂಡೆಯ ಸಂದಿಯಲ್ಲಿ ಅಂಗಿಯ ಗುಂಡಿಯಷ್ಟೇ ದೊಡ್ಡದಾದ ಹಳದಿ ಮೀನೊಂದು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಗಂಭೀರವಾಗಿ ಓಡಾಡುತ್ತಿತ್ತು. ದಕ್ಷಿಣದ ಬೆಚ್ಚಗಿನ ಪ್ರವಾಹ ಹಿಡಿದು ದಾರಿ ತಪ್ಪಿ ಇಲ್ಲಿಗೆ ಬರುವ ಮರಿಗಳಂತೆ ಅವು. ನಾನು ಅಲುಗದೆ ಅದರ ಮುಂದೆ ತೇಲಿಕೊಂಡಿದ್ದೆ. ಅದು ನನ್ನ ಕೈಗವಸನ್ನು ಕುಟುಕಿ, ರುಚಿಸದೆ ಹೋಯಿತು. ಇನ್ನೂ ಮುಂದೆ, ಕಟ್ಟೆಯ ಬುಡದ ಗುಹೆಯಲ್ಲಿ, ನನ್ನ ತೋಳಿನುದ್ದದ ಕಪ್ಪು ಮೀನು ದಪ್ಪ ತುಟಿ ಆಡಿಸುತ್ತ ಕೂತಿತ್ತು. ಅದರ ಸುತ್ತ ಬಂಡೆಗೆ ಸಿಕ್ಕಿ ಹರಿದ ಗಾಳದ ದಾರಗಳು ಹತ್ತಾರು. ನಮ್ಮನ್ನು ಅದು ಮನೆಯ ಯಜಮಾನನಂತೆ ನೋಡಿತು.

ಸ್ವಲ್ಪ ಹೊತ್ತಿಗೆ ನಿಧಿ ತೋಳುಗಳನ್ನು ಎದೆಗೆ ಕಟ್ಟಿ ಉಜ್ಜಿದಳು: ಚಳಿ. ನನಗೆ ಇನ್ನೂ ಇರಬೇಕೆನಿಸಿತ್ತು. ಹೆಬ್ಬೆರಳು ಮೇಲೆ ಮಾಡಿದೆ: ಮೇಲಕ್ಕೆ ಹೋಗೋಣ. ಡೋರೀನೂ ಮಾಡಿದಳು. ಮೂವರೂ ಹೊರಟೆವು.

ಬಂಡೆಗಳ ಮೇಲೆ ತೆವಳಿಕೊಂಡು ಬರುವಾಗ ಅಲೆಯೊಂದು ನನ್ನನ್ನು ಹೊರಳಿಸಿ ಅಂಗಾತ ಕೆಡವಿತು. ಸಿಲಿಂಡರಿನ ಭಾರಕ್ಕೆ ಏಳಲಾಗದೆ, ಮಗುಚಿ ಬಿದ್ದ ಜಿರಲೆಯಂತೆ ಕೈಕಾಲು ಆಡಿಸುತ್ತಿದ್ದೆ. ಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ಇಳಿದು ಬಂದು ನನ್ನ ಕೈ ಹಿಡಿದು ಎಬ್ಬಿಸಿದ. ನಾನು ಟೋಪಿ ತೆಗೆದಾಗ ನನ್ನ ಮುಖವನ್ನೂ, ಬಿಳಿ ಕೂದಲನ್ನೂ ಎರಡೆರಡು ಸಲ ನೋಡಿದ.

"ಮೇಡಂ, ನಾನು ಇಪ್ಪತ್ತು ವರ್ಷದಿಂದ ಇದೇ ಕಲ್ಲಿನ ಮೇಲೆ ಕೂರುತ್ತೇನೆ," ಎಂದ. "ಬೆಳಿಗ್ಗೆಯಿಂದ ಒಂದೂ ಕಚ್ಚಿಲ್ಲ. ಕೆಳಗೆ ಏನಾದರೂ ಇದೆಯಾ?"

ಅವನು ಕೂತಿದ್ದ ಕಲ್ಲು ನೋಡಿದೆ. ನಿಧಿಯೂ ನೋಡಿದಳು. ಸರಿಯಾಗಿ ಅದರ ಕೆಳಗೇ ಇತ್ತು ಆ ಗುಹೆ.

ಒಳ್ಳೆಯ ಮನುಷ್ಯ. ನನ್ನನ್ನು ಎಬ್ಬಿಸಿದ್ದಾನೆ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಏನು ಹೇಳಲಿ ಎಂದು ಯೋಚಿಸುತ್ತಿರುವಾಗ, ಹಲ್ಲಿನಿಂದ ಕೈಗವಸು ಎಳೆಯುತ್ತಿದ್ದ ನಿಧಿ, ನಡುಗುವ ತುಟಿಯಲ್ಲೇ ತಟ್ಟನೆ ಅಂದಳು:

"ಜಸ್ಟ್ ರಾಕ್ಸ್, ಸರ್."

"ಓನ್ಲಿ ರಾಕ್ಸ್," ಎಂದೆ ನಾನೂ.

ಮುದುಕ ತಲೆ ಆಡಿಸಿ, ದಾರ ಸುತ್ತಿಕೊಂಡು, ಮಡಿಚುವ ಕುರ್ಚಿಯನ್ನು ಕಂಕುಳಲ್ಲಿಟ್ಟು ಕಟ್ಟೆಯ ಆಚೆ ತುದಿಗೆ ನಡೆದ. ಅವನು ದೂರ ಹೋಗುವವರೆಗೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.